ಕಡವಿನಲ್ಲಿ ನಿಂತ ಪಯಣಿಗ: ಹೊಸಗನ್ನಡ ಸಾಹಿತ್ಯದಲ್ಲಿ ಮಳೆಗಾಲದ ಕರಾವಳಿ

೧

ನಮ್ಮ ಹಳೆಯ ಆಲಂಕಾರಿಕರು ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳನ್ನು ಎಣಿಸಿ ಹೇಳುವಾಗ ಸಮುದ್ರವನ್ನು ಬಿಡಲಿಲ್ಲ, ಋತುಗಳನ್ನು ಬಿಡಲಿಲ್ಲ, ಪ್ರಯಾಣವನ್ನೂ ಬಿಡಲಿಲ್ಲ. ದಂಡಿಯ ‘ಕಾವ್ಯಾದರ್ಶ’ದ ಪಟ್ಟಿಯಲ್ಲಿ ಈ ಮೂರೂ ಇವೆ. ಕನ್ನಡ ಕವಿಗಳು ಇವನ್ನು ಅಷ್ಟಾದಶ ವರ್ಣನೆಗಳೆಂಬ ಹೆಸರಿನಿಂದ ಶತಮಾನಗಳ ಕಾಲ ನಡೆಯಿಸಿಕೊಂಡು ಬಂದರು. ಆದರೆ ಈ ಮೂರೂ ಒಂದೆಡೆ ಕೂಡುವ ಸಂದರ್ಭ, ಎಂದರೆ ಕಡಲಿನ ಅಂಚಿನಲ್ಲಿ, ಸುರಿಯುವ ಮಳೆಯಲ್ಲಿ, ಸಾಧಾರಣ ಮನುಷ್ಯನೊಬ್ಬನು ಊರಿಂದ ಊರಿಗೆ ಹೋಗುವುದು, ಆ ಪಟ್ಟಿಯ ಲೆಕ್ಕಕ್ಕೆ ಬರಲಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕಾವ್ಯದ ಪ್ರಯಾಣವು ಅರಸನ ದಂಡಯಾತ್ರೆ. ಅದಕ್ಕೆ ಶರತ್ಕಾಲವೇ ತಕ್ಕ ಕಾಲ. ಮಳೆಗಾಲವೆಂದರೆ ನಿಲ್ಲುವ ಕಾಲ. ಸೀತೆಯನ್ನು ಅರಸಬೇಕಾದ ರಾಮನೇ ಮಳೆಯ ತಿಂಗಳುಗಳನ್ನು ಬೆಟ್ಟದ ಗುಹೆಯಲ್ಲಿ ಕಳೆಯಬೇಕಾಯಿತು. ಸಂನ್ಯಾಸಿಗಳಿಗೆ ಚಾತುರ್ಮಾಸ್ಯವನ್ನು ವಿಧಿಸಿ, ಊರೂರು ತಿರುಗುವವರನ್ನೂ ಒಂದೆಡೆ ಕೂರಿಸಿದ ಸಂಪ್ರದಾಯ ನಮ್ಮದು.

ಹೀಗಿರಲು ಹೊಸಗನ್ನಡದಲ್ಲಿ ಕರಾವಳಿಯು ತನ್ನದೇ ಆದ ಲೇಖಕರನ್ನು ಪಡೆದಾಗ ಈ ಬಿಟ್ಟುಹೋದ ವಸ್ತು ಏನಾಯಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಮಳೆಗಾಲದ ಕರಾವಳಿಯ ವರ್ಣನೆಗಳು ಹೊಸಗನ್ನಡದಲ್ಲಿ ಧಾರಾಳವಾಗಿವೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅವನ್ನು ‘ಪ್ರಾದೇಶಿಕ ಬಣ್ಣ’ ಎಂಬ ತಲೆಬರಹದ ಕೆಳಗೆ ಇರಿಸಿ ಮುಂದೆ ಹೋಗುತ್ತೇವೆ. ಈ ತಲೆಬರಹ ತಪ್ಪೆಂಬುದು ನನ್ನ ಅಭಿಪ್ರಾಯ. ಕರಾವಳಿಯ ಉತ್ತಮ ಬರವಣಿಗೆಗೆ ಮಳೆಯು ನೋಟದ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ದಾರಿಯ ಪ್ರಶ್ನೆಯಾಗಿದೆ. ಅದರ ಕೇಂದ್ರದಲ್ಲಿರುವುದು ಕಡವು: ಹೊಳೆಯ ಈಚೆಯ ದಡದಲ್ಲಿ ದೋಣಿಗಾಗಿ ಮನುಷ್ಯ ಕಾಯುವ ಸ್ಥಳ. ಇದನ್ನು ಮರೆತು ಓದಿದರೆ ಆ ಸಾಹಿತ್ಯದ ಅರ್ಧ ಅರ್ಥ ನಮಗೆ ತಪ್ಪಿಹೋಗುತ್ತದೆ. ಊರು ಬಿಟ್ಟು ಬಂದು ನೆಲಸಿದ ನಮ್ಮಂಥವರು ಹಾಗೆ ಓದುವುದು ಇನ್ನೂ ಸುಲಭ.

೨

ಈ ವಿಚಾರ ಹುಟ್ಟಿದ ಸಂದರ್ಭವನ್ನು ಹೇಳುವುದು ಅಪ್ರಸ್ತುತವಾಗಲಾರದು. ಪುಣೆಯ ವಾಕಡದಲ್ಲಿ ನಾವು ಹತ್ತು ಹನ್ನೆರಡು ಕನ್ನಡ ಮನೆಗಳವರು ತಿಂಗಳಿಗೊಮ್ಮೆ ಕೂಡಿ ಒಂದು ಪುಸ್ತಕವನ್ನು ಓದುವ ಪರಿಪಾಠವಿಟ್ಟುಕೊಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ಒಂದು ಆಷಾಢದಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಎತ್ತಿಕೊಂಡಿದ್ದೆವು. ಧಾರವಾಡದ ಕಡೆಯ ತರುಣ ಇಂಜಿನಿಯರರೊಬ್ಬರು, ಹಿಂಜವಡಿಯಲ್ಲಿ ಕೆಲಸ ಮಾಡುವವರು, ಕಾದಂಬರಿಯ ಮಳೆಯನ್ನು ಮನಸಾರೆ ಮೆಚ್ಚಿ, ಇಂಥ ಮಳೆಯಲ್ಲಿಯೇ ಒಮ್ಮೆ ಕಾರವಾರದಿಂದ ಮಂಗಳೂರಿನವರೆಗೆ ಕಡಲ ಬದಿಯಲ್ಲಿ ಕಾರು ನಡೆಸಿಕೊಂಡು ಹೋಗಬೇಕೆಂಬ ಆಸೆಯನ್ನು ತೋಡಿಕೊಂಡರು. ಕುಂದಾಪುರ ಸೀಮೆಯ ವೃದ್ಧೆಯೊಬ್ಬರು, ಮಗನ ಮನೆಯಲ್ಲಿರುವವರು, ಅದುವರೆಗೆ ಮಾತಿಲ್ಲದೆ ಕುಳಿತಿದ್ದರು. ಅವರು ಮೆಲ್ಲನೆ ನಕ್ಕು, “ಮಳೆ ಕಾಂಬುಕೆ ಚಂದ ಮಗಾ, ಹೊಳೆ ದಾಂಟುಕಲ್ಲ” ಎಂದರು. ತಮ್ಮ ಬಾಲ್ಯದಲ್ಲಿ ಮಳೆ ಹಿಡಿದರೆ ಮನೆಯಲ್ಲಿ ಮೊದಲು ಕೇಳುತ್ತಿದ್ದ ಮಾತು ಕಡವು ನಡೆಯುತ್ತಿದೆಯೇ ಇಲ್ಲವೇ ಎಂಬುದಾಗಿತ್ತೆಂದು ಅವರೇ ವಿವರಿಸಿದರು. ವೈದ್ಯರು, ಕಾಗದ, ಮಗಳ ಗಂಡನ ಮನೆಯ ಸುದ್ದಿ, ಎಲ್ಲವೂ ಹೊಳೆಯ ಆಚೆಗಿದ್ದವು.

ಆ ಸಂಜೆಯ ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆದರೆ ಎರಡೂ ಬೇರೆ ಬೇರೆ ನೆಲದ ಸತ್ಯಗಳು. ಘಟ್ಟದ ಮೇಲಿನ ಬಯಲುಸೀಮೆಗೆ ಮಳೆಯು ಮೊರೆಗೆ ಬಂದ ಉತ್ತರ. ಗುರ್ಚಿಯನ್ನು ಹೊತ್ತು ಮನೆಮನೆಗೆ ತಿರುಗಿ, ಕಪ್ಪೆಗಳ ಮದುವೆ ಮಾಡಿ ಮಳೆಯನ್ನು ಕರೆಯುವ ನಾಡು ಅದು. ಪುಣೆಯ ಕನ್ನಡಿಗರಲ್ಲಿ ಆ ಸೀಮೆಯವರು ಬಹಳ ಮಂದಿ. ಮೇಲಾಗಿ ನಾವು ಈಗ ನೆಲಸಿರುವ ಪುಣೆಯೂ ಸಹ್ಯಾದ್ರಿಯ ಮಳೆನೆರಳಿನ ಊರು. ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸುಮಾರು ೭೦೦ ಮಿಲಿಮೀಟರು. ಕರಾವಳಿಯಲ್ಲಿ ೩,೦೦೦ ಮಿಲಿಮೀಟರಿಗೂ ಮೀರಿ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ನೀರಿಗಾಗಿ ಹಂಬಲಿಸಿದ ಕಣ್ಣು ಆ ಮಳೆಯನ್ನು ಓದುವಾಗ ತನ್ನ ಹಂಬಲವನ್ನೇ ಅದರಲ್ಲಿ ಕಾಣುವುದು ಸಹಜ. ಆದರೆ ಕರಾವಳಿಗೆ ಮಳೆಯು ಬಾಗಿಲು ಮುಚ್ಚುವ ಸದ್ದು ಕೂಡ ಆಗಿತ್ತೆಂಬುದನ್ನು ಆ ಕಣ್ಣು ಕಾಣುವುದಿಲ್ಲ.

ಈ ಬಾಗಿಲು ಮುಚ್ಚುವುದು ಅಲಂಕಾರದ ಮಾತಲ್ಲ. ಅದು ಭೂಗೋಳದ ಕೆಲಸ. ಕಾರವಾರದಿಂದ ತೆಂಕಲಿಗೆ ಇಳಿದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಮುಂದೆ ಗಂಗೊಳ್ಳಿಯ ಬಳಿ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುವ ಐದು ಹೊಳೆಗಳು. ಆ ಮೇಲೆ ಸೀತಾ, ಸುವರ್ಣಾ, ಶಾಂಭವಿ, ಫಲ್ಗುಣಿ, ನೇತ್ರಾವತಿ. ಕಾಸರಗೋಡಿನ ಬಳಿ ಚಂದ್ರಗಿರಿ. ಇವೆಲ್ಲ ಘಟ್ಟದ ಕಡೆಯಿಂದ ಇಳಿದು ಸ್ವಲ್ಪ ದೂರದಲ್ಲಿಯೇ ಕಡಲು ಸೇರುವ ನದಿಗಳು. ಘಟ್ಟದಲ್ಲಿ ಬೆಳಿಗ್ಗೆ ಬಿದ್ದ ಮಳೆಯು ಬಹು ಬೇಗ ಅಳಿವೆಯಲ್ಲಿ ಏರುತ್ತದೆ. ಆಗಲೇ ಕಡಲಿನ ಭರತವೂ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ಎಂದಮೇಲೆ ಕರಾವಳಿಯ ಉದ್ದಕ್ಕೆ ಪ್ರಯಾಣ ಮಾಡುವುದೆಂದರೆ ನೆಲದ ಮೇಲೆ ನಡೆಯುವುದಕ್ಕಿಂತ ಹೆಚ್ಚಾಗಿ ಹೊಳೆಯ ಮೇಲೆ ಹೊಳೆ ದಾಟುವುದೆಂದೇ ಅರ್ಥವಾಗಿತ್ತು. ಉತ್ತರ ಕನ್ನಡದಲ್ಲಿ ತಾರಿ ಎಂದೂ ತೆಂಕಣ ಊರುಗಳಲ್ಲಿ ಕಡವು ಎಂದೂ ಕರೆಯುವ ಈ ದಾಟುವ ಸ್ಥಳಗಳೇ ಆ ನಾಡಿನ ಬೀಗದ ಕೈಗಳಾಗಿದ್ದವು.

೩

ಕನ್ನಡ ಕರಾವಳಿಯನ್ನು ಕುರಿತು ಪ್ರವಾಸಿಗಳು ಬರೆದಿಟ್ಟ ವೃತ್ತಾಂತಗಳನ್ನು ನಮ್ಮ ಸಂಶೋಧಕರು ಬಹಳವಾಗಿ ಬಳಸಿಕೊಂಡಿದ್ದಾರೆ. ಅವುಗಳ ತಾರೀಖುಗಳನ್ನು ಮಾತ್ರ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದವರು ವಿರಳ. ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಗೋವೆಯಿಂದ ಹೊರಟು ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಬಂದುದು ೧೬೨೩ರ ಅಕ್ಟೋಬರ್-ನವೆಂಬರಿನಲ್ಲಿ. ಆಮೇಲೆ ಕಡಲ ಕಡೆಗಿಳಿದು ಮಂಗಳೂರು, ಉಳ್ಳಾಲಗಳನ್ನು ಕಂಡುದು ಆ ವರ್ಷದ ಕೊನೆಯಲ್ಲಿ. ಟಿಪ್ಪುವಿನ ಪತನದ ಬಳಿಕ ಇಂಗ್ಲಿಷರ ಕಂಪನಿಯ ಪರವಾಗಿ ನಾಡನ್ನು ಪರೀಕ್ಷಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಬಡಗಲಿಗೆ ಕೆನರಾದ ಉದ್ದಕ್ಕೂ ಸಾಗಿದ್ದು ೧೮೦೧ರ ಮೊದಲ ತಿಂಗಳುಗಳಲ್ಲಿ. ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದುದು ೧೮೩೪ರ ಅಕ್ಟೋಬರ್ ೩೦ರಂದು.

ಈ ಮೂರೂ ಮಳೆ ಹಿಂದೆಗೆದ ಬಳಿಕದ ಬರವುಗಳು. ಇದು ಆಕಸ್ಮಿಕವಲ್ಲ, ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಸಣ್ಣ ಬಂದರುಗಳು ಮುಚ್ಚುತ್ತಿದ್ದವು, ಮಚವೆಗಳನ್ನು ದಡಕ್ಕೆಳೆದು ಮಡಲು ಹೊದಿಸುತ್ತಿದ್ದರು. ಮುಂದೆ ಉಗಿಹಡಗುಗಳು ಬಂದಾಗಲೂ ಮುಂಬಯಿಯಿಂದ ಕೊಂಕಣ ಮತ್ತು ಕೆನರಾದ ಬಂದರುಗಳಿಗೆ ನಡೆಯುತ್ತಿದ್ದ ಸಂಚಾರವು ಮಳೆಗಾಲದಲ್ಲಿ ನಿಲ್ಲುತ್ತಿತ್ತು. ಮುಂಬಯಿ ಬಂದರಿನಿಂದ ಹತ್ತಿರದ ರೇವಸಿಗೆ ಹೋಗುವ ಕಿರುದಾರಿ ನಡೆದಿತ್ತು. ಆ ದಾರಿಯಲ್ಲಿಯೇ ೧೯೪೭ರ ಜುಲೈ ೧೭ರಂದು ‘ರಾಮದಾಸ’ ಎಂಬ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆಷಾಢದ ಕಡಲು ಕಿರುದಾರಿಗೂ ರಿಯಾಯಿತಿ ತೋರುವುದಿಲ್ಲವೆಂಬುದಕ್ಕೆ ಆ ದಿನದ ದುರಂತ ಸಾಕ್ಷಿಯಾಯಿತು.

ಹೊರಗಿನವರು ಬಿಟ್ಟುಹೋದ ಆ ನಾಲ್ಕು ತಿಂಗಳನ್ನು ಕರಾವಳಿಯ ಜನ ತಮ್ಮದೇ ಪಂಚಾಂಗದಲ್ಲಿ ಬರೆದಿಟ್ಟಿದ್ದರು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ತಿರುಗಾಟ ಮತ್ತೆ ಹೊರಡುವುದು ಮಳೆ ಕಳೆದ ಮೇಲೆ. ಆ ನಡುವಿನ ಕಾಲದಲ್ಲಿ ಅದೇ ಕಲಾವಿದರು ವೇಷವಿಲ್ಲದೆ, ಕುಣಿತವಿಲ್ಲದೆ ಸೂರಿನ ಕೆಳಗೆ ಕುಳಿತು ತಾಳಮದ್ದಳೆ ನಡೆಸುತ್ತಾರೆ. ಆಟಿ ತಿಂಗಳಲ್ಲಿ ಶುಭಕಾರ್ಯಗಳಿಲ್ಲ. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿದ ಮೇಲೆಯೇ ದೋಣಿ ನೀರಿಗಿಳಿಯುತ್ತಿತ್ತು. ನಡೆಯುವ ಕಲೆಯು ಕೂರುವ ಕಲೆಯಾಗುವುದನ್ನು ಬೇರೆ ನಾಡುಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಕಷ್ಟ. ತಾಳಮದ್ದಳೆಯಲ್ಲಿ ಮಾತು ಅಷ್ಟೊಂದು ಬೆಳೆದುದಕ್ಕೆ, ಹೊರಗೆ ಹೋಗಲಾಗದ ಕೇಳುಗರು ಒಳಗೆ ಕುಳಿತಿದ್ದುದು ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ.

ಎಂದರೆ ಮಳೆಗಾಲದ ಕರಾವಳಿಯ ವಿಷಯದಲ್ಲಿ ನಮ್ಮ ಮುಖ್ಯ ಆಧಾರ ಪ್ರವಾಸಕಥನವಾಗಲಾರದು. ಅಲ್ಲಿ ಉಳಿದು ಬಾಳಿದವರ ಸಾಹಿತ್ಯವೇ ಆಗಬೇಕು.

೪

ಆ ಸಾಹಿತ್ಯದ ಮೊದಲಲ್ಲಿ ನಿಲ್ಲುವುದು ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’. ಪಂಜೆಯವರು (೧೮೭೪-೧೯೩೭) ಬಂಟವಾಳದಲ್ಲಿ, ನೇತ್ರಾವತಿಯ ದಡದಲ್ಲಿ ಹುಟ್ಟಿದವರು. ಮಕ್ಕಳಿಗಾಗಿ ಬರೆದವರೆಂದು ನಾವು ಅವರನ್ನು ಸ್ವಲ್ಪ ಸಲುಗೆಯಿಂದ ಕಾಣುವುದುಂಟು. ಈ ಕವಿತೆಯನ್ನು ಶಾಲೆಯಲ್ಲಿ ಕಂಠಪಾಠ ಮಾಡಿದವರಿಗೆ ಅದರ ಓಟವು ಮರೆಯುವಂಥದಲ್ಲ. ಆದರೆ ಇದನ್ನು ಲಯದ ಚಮತ್ಕಾರವೆಂದು ಮಾತ್ರ ಹೊಗಳಿದರೆ ಸಾಲದು. ಕವಿತೆಯಲ್ಲಿ ಪ್ರಯಾಣ ಮಾಡುವವರು ಯಾರು ಎಂದು ಕೇಳಿಕೊಂಡರೆ ಅದರ ಒಳಗುಟ್ಟು ತಿಳಿಯುತ್ತದೆ. ಪ್ರಯಾಣ ಮಾಡುವುದು ಗಾಳಿಯೊಂದೇ. ಅದು ಕಡಲಿನಿಂದ ಹೊರಟು ದಡಕ್ಕೆ ಬಂದು, ಮರಗಳನ್ನೂ ಮನೆಗಳನ್ನೂ ಹಾದು ಒಳನಾಡಿಗೆ ನುಗ್ಗುತ್ತದೆ. ಮನುಷ್ಯರು ತಮ್ಮ ಸ್ಥಳದಲ್ಲಿಯೇ ಇದ್ದಾರೆ. ಗಾಳಿಯು ಅವರ ಬಳಿಗೆ ಬರುತ್ತದೆ. ಉಳಿದ ಋತುಗಳಲ್ಲಿ ಮನುಷ್ಯರು ಸಂಚರಿಸುವ ನಾಡಿನಲ್ಲಿ ಈ ಋತುವಿನಲ್ಲಿ ಸಂಚಾರದ ಹಕ್ಕು ಗಾಳಿಗೆ ಹೋಗಿದೆ. ‘ಆಟ’ವೆಂಬ ಮಾತನ್ನೂ ಹಾಗೆಯೇ ಗ್ರಹಿಸಬೇಕು. ಯಕ್ಷಗಾನದ ಆಟ ನಿಂತ ಮೇಲೆ ಊರಿಗೆ ಬಂದ ಆಟ ಇದು. ಪಂಜೆಯವರಿಗೆ ಈ ಸಾಮ್ಯ ಉದ್ದಿಷ್ಟವಾಗಿತ್ತೇ ಇಲ್ಲವೇ ಎಂಬ ಚರ್ಚೆ ಅನಾವಶ್ಯಕ. ಆಟವೆಂಬ ಶಬ್ದಕ್ಕೆ ಆ ನೆಲದಲ್ಲಿ ಆ ಧ್ವನಿ ಇದ್ದೇ ಇದೆ.

ಇದಕ್ಕೆದುರಾಗಿ ವಿನಾಯಕ ಕೃಷ್ಣ ಗೋಕಾಕರ ‘ಸಮುದ್ರ ಗೀತೆಗಳ’ನ್ನು ಇಟ್ಟು ನೋಡುವುದು ಉಪಯುಕ್ತ. ಗೋಕಾಕರು ಸವಣೂರಿನವರು, ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು ಇಲ್ಲಿಂದಲೇ ಆಕ್ಸ್‌ಫರ್ಡಿಗೆ ಹೋದವರು. ಆ ಸಮುದ್ರಯಾನದ ಫಲವಾಗಿ ಕನ್ನಡಕ್ಕೆ ಬಂದ ಈ ಕವಿತೆಗಳು ಮುಕ್ತಛಂದಸ್ಸಿನ ಚರಿತ್ರೆಯಲ್ಲಿ ಮಹತ್ವದವು. ಆದರೆ ಇಲ್ಲಿಯ ಸಮುದ್ರವು ದೊಡ್ಡ ಹಡಗಿನ ಮೇಲಂತಸ್ತಿನಿಂದ ಕಂಡ ಸಮುದ್ರ. ಅದಕ್ಕೆ ಅಳಿವೆಯಿಲ್ಲ, ಕಡವಿಲ್ಲ. ಅದು ಕವಿಯ ಚಿತ್ತದೊಡನೆ ಮಾತಾಡುವ ಸಮುದ್ರ, ವಿಶಾಲತೆಯ ಪ್ರತೀಕ. ಇದು ದೋಷವೆಂದು ನಾನು ಹೇಳುತ್ತಿಲ್ಲ. ಬಯಲುಸೀಮೆಯ ಕವಿಯು ತನ್ನ ಬಯಲಿನ ವಿಸ್ತಾರವನ್ನೇ ನೀರಿನಲ್ಲಿ ಕಂಡುಕೊಂಡದ್ದು ಒಂದು ನಿಜವಾದ ಅನುಭವ. ಆದರೆ ಕನ್ನಡದಲ್ಲಿ ಸಮುದ್ರಕಾವ್ಯವೆಂದೊಡನೆ ವಿಮರ್ಶೆಯು ಗೋಕಾಕರನ್ನು ಮುಂದಿಟ್ಟು ಪಂಜೆಯವರನ್ನು ಬಾಲಸಾಹಿತ್ಯದ ಅಧ್ಯಾಯಕ್ಕೆ ಕಳುಹಿಸುವುದು ನ್ಯಾಯವಲ್ಲ. ದಾಟುವವನ ಸಮುದ್ರಕ್ಕೂ ದಡದಲ್ಲಿ ಉಳಿದವನ ಸಮುದ್ರಕ್ಕೂ ಇರುವ ಭೇದವನ್ನು ಗುರುತಿಸದೆ ಎರಡರ ತಾರತಮ್ಯ ಮಾಡುವುದು ಸಾಧ್ಯವಿಲ್ಲ.

೫

ಈ ಭೇದವು ಗದ್ಯದಲ್ಲಿ ಪೂರ್ಣವಾಗಿ ಅರಳುವುದು ‘ಮರಳಿ ಮಣ್ಣಿಗೆ’ಯಲ್ಲಿ. ೧೯೪೦ರ ದಶಕದ ಆರಂಭದಲ್ಲಿ ಬಂದ ಈ ಕಾದಂಬರಿ ಮೂರು ತಲೆಮಾರುಗಳ ಕಥೆ. ಅದರ ಕ್ಷೇತ್ರ ಕಾರಂತರ ಹುಟ್ಟೂರಾದ ಕೋಟದ ನೆರೆಯ ಕೋಡಿ: ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಮರಳಿನ ಒಂದು ಪಟ್ಟಿ. ಈ ಸ್ಥಳದ ಆಯ್ಕೆಯಲ್ಲಿಯೇ ಅರ್ಧ ಕಾದಂಬರಿ ಅಡಗಿದೆ. ಕೋಡಿಯಲ್ಲಿ ಬಾಳುವವನು ಎಲ್ಲಿಗೆ ಹೋಗಬೇಕಾದರೂ ಮೊದಲು ನೀರನ್ನು ದಾಟಬೇಕು. ರಾಮ ಐತಾಳರ ಪೌರೋಹಿತ್ಯ, ಪಾರೋತಿಯ ಬಾಳು, ವಿಧವೆಯಾದ ಸರಸೋತಿಯ ಗಟ್ಟಿತನ, ಎಲ್ಲವೂ ದೋಣಿಯ ಆಚೆ-ಈಚೆಗಳ ನಡುವೆ ನಡೆಯುತ್ತವೆ.

ಮಳೆಗಾಲವನ್ನು ಕಾರಂತರು ಇಲ್ಲಿ ಹೇಗೆ ತರುತ್ತಾರೆಂಬುದನ್ನು ಗಮನಿಸಬೇಕು. ಮೋಡವನ್ನು ಆನೆಗೆ ಹೋಲಿಸುವ, ಮಿಂಚನ್ನು ಕತ್ತಿಗೆ ಹೋಲಿಸುವ ಚಪಲ ಅವರಿಗಿಲ್ಲ. ಮಳೆ ಬಂತೆಂದರೆ ಗದ್ದೆಯ ಕೆಲಸ ಬಂತು, ಒದ್ದೆ ಸೌದೆಯ ಹೊಗೆ ಬಂತು. ಹೊಳೆಯ ನೆರೆಯಲ್ಲಿ ತೇಲಿಬರುವ ಮರವನ್ನು ಹಿಡಿದು ದಡಕ್ಕೆ ತರುವುದೂ ಮನೆಯ ಹೆಂಗಸರಿಗೆ ವರುಷದ ಒಂದು ದುಡಿಮೆ. ನೆರೆಯು ಒಂದು ಕೈಯಿಂದ ದಾರಿಯನ್ನು ಕಸಿದುಕೊಂಡು ಇನ್ನೊಂದು ಕೈಯಿಂದ ಸೌದೆಯನ್ನು ಕೊಡುತ್ತದೆ. ಈ ಲೆಕ್ಕಾಚಾರವನ್ನು ಕಾರಂತರು ದೂರವಿಲ್ಲದೆ, ಅಳುವಿಲ್ಲದೆ, ಮನೆವಾರ್ತೆಯ ಧಾಟಿಯಲ್ಲಿಯೇ ಹೇಳುತ್ತಾರೆ. ನಿಸರ್ಗವರ್ಣನೆಯೆಂದು ಹರಿದು ತೆಗೆದು ಪಠ್ಯಪುಸ್ತಕದಲ್ಲಿ ಹಾಕಿದರೆ ಈ ಭಾಗಗಳು ಸತ್ತುಹೋಗುತ್ತವೆ. ಏಕೆಂದರೆ ಅವು ವರ್ಣನೆಗಳೇ ಅಲ್ಲ, ಸಂಸಾರದ ಜಮಾಖರ್ಚು.

ಆದರೆ ಒಂದು ಆಕ್ಷೇಪವನ್ನೂ ಹೇಳಲೇಬೇಕು. ಮೂರನೆಯ ತಲೆಮಾರಿನ ರಾಮನು ಮದರಾಸಿಗೂ ಮುಂಬಯಿಗೂ ಹೋಗಿ ಕೊನೆಗೆ ಮರಳಿ ಬರುತ್ತಾನೆ. ಕಾದಂಬರಿಯ ಹೆಸರೇ ಆ ಮರಳಿಕೆಯನ್ನು ಸೂಚಿಸುತ್ತದೆ. ಆದರೂ ಊರು ಮತ್ತು ಪಟ್ಟಣಗಳ ನಡುವಣ ದಾರಿಗಿಂತ ಆ ಎರಡು ತುದಿಗಳ ಮೇಲೆಯೇ ಕಾದಂಬರಿಕಾರರ ಲಕ್ಷ್ಯ ಹೆಚ್ಚು. ಹೊಳೆ ದಾಟುವ ಸಣ್ಣ ಪ್ರಯಾಣಕ್ಕೆ ಸಿಕ್ಕಿದ ಸಾಂದ್ರತೆ ಆ ದೊಡ್ಡ ಪ್ರಯಾಣಕ್ಕೆ ಸಿಕ್ಕಿಲ್ಲ. ಸುಮಾರು ಎರಡು ದಶಕಗಳ ಮೇಲೆ, ೧೯೬೦ರಲ್ಲಿ ಬಂದ ‘ಅಳಿದ ಮೇಲೆ’ಯಲ್ಲಿ ಕಾರಂತರು ಈ ಕೊರತೆಯನ್ನು ಬೇರೊಂದು ಬಗೆಯಲ್ಲಿ ತುಂಬಿಕೊಂಡರೆಂದು ನನ್ನ ಭಾವನೆ. ಅಲ್ಲಿ ಮುಂಬಯಿಯಲ್ಲಿ ಒಂಟಿಯಾಗಿ ತೀರಿಕೊಂಡ ಯಶವಂತರಾಯರ ಹಿಂದಿನ ಬಾಳನ್ನು ಅರಸುತ್ತ ನಿರೂಪಕನು ಅವರು ಬಿಟ್ಟುಬಂದ ಕರಾವಳಿಯ ಊರುಗಳಿಗೆ ಹೋಗುತ್ತಾನೆ. ಊರಿಗೆ ಮರಳಬೇಕಾಗಿದ್ದವನು ಮರಳಲಿಲ್ಲ. ಅವನ ಬದಲು ಇನ್ನೊಬ್ಬನು, ಅವನು ಅಳಿದ ಮೇಲೆ, ಆ ದಾರಿಯನ್ನು ನಡೆಯುತ್ತಾನೆ. ವಲಸೆ ಹೋದವರ ಬಾಳಿನ ಅತಿ ಕಹಿಯಾದ ಸತ್ಯವೊಂದನ್ನು ಇಷ್ಟು ಸರಳವಾದ ಕಥಾಸಂವಿಧಾನದಲ್ಲಿ ಹಿಡಿದ ಕನ್ನಡ ಕೃತಿ ಬೇರೊಂದನ್ನು ನಾನು ಓದಿಲ್ಲ. ದಾಟುವುದು ತಡವಾದರೆ ದಡದಲ್ಲಿ ಯಾರೂ ಉಳಿದಿರುವುದಿಲ್ಲವೆಂಬ ಕಡವಿನ ಭಯವೇ ಇಲ್ಲಿ ಇಡೀ ಕಾದಂಬರಿಯ ಗಾತ್ರಕ್ಕೆ ಬೆಳೆದಿದೆ.

ಮುಂಬಯಿಯ ಕನ್ನಡ ಲೇಖಕರಲ್ಲಿ ಅಗ್ರಗಣ್ಯರಾದ ಯಶವಂತ ಚಿತ್ತಾಲರ ಹನೇಹಳ್ಳಿಯನ್ನೂ ಈ ದೃಷ್ಟಿಯಿಂದ ನೋಡಬೇಕು. ಹನೇಹಳ್ಳಿ ಗಂಗಾವಳಿ, ಅಘನಾಶಿನಿ ನದಿಗಳ ನಡುವಣ ಸೀಮೆಯ ಊರು. ಎರಡು ಕಡೆ ಹೊಳೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದ ಚಿತ್ತಾಲರು ಮತ್ತೆ ಮತ್ತೆ ಆ ಊರಿಗೆ ಕಥೆಯಲ್ಲಿ ಮರಳಿದರು. ಇದನ್ನು ಬಾಲ್ಯದ ಹಂಬಲವೆಂದು ಕರೆಯುವುದು ವಾಡಿಕೆಯಾಗಿದೆ. ಹಂಬಲವಿದ್ದುದು ನಿಜ, ಆದರೆ ಸುಲಭವಾಗಿ ತಲುಪಬಹುದಾದ ಊರಿನ ಬಗೆಗೆ ಮನುಷ್ಯನು ಅಷ್ಟೊಂದು ಕಥೆಗಳನ್ನು ಬರೆಯುವನೇ ಎಂಬುದು ಸಂಶಯ. ನಾಲ್ಕೂ ಕಡೆ ಬಾಗಿಲುಗಳಿರುವ, ಋತುವಿಗೆ ತಕ್ಕಂತೆ ಆ ಬಾಗಿಲುಗಳು ಮುಚ್ಚುವ ಊರು ನೆನಪಿನಲ್ಲಿ ಬೇರೆ ಬಗೆಯಾಗಿ ಉಳಿಯುತ್ತದೆ.

೬

ಈಗ ಕಡವುಗಳಿಲ್ಲವಲ್ಲ, ಎಂದು ವಾಚಕರು ಕೇಳಬಹುದು. ಮುಖ್ಯ ನದಿಗಳಿಗೆಲ್ಲ ಸೇತುವೆಗಳಾದುವು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ದೇಶಕ್ಕೆ ಸಮರ್ಪಿತವಾಯಿತು. ಹೊನ್ನಾವರದ ಬಳಿ ಶರಾವತಿಯನ್ನು ಅದು ಎರಡು ಕಿಲೋಮೀಟರಿಗೂ ಮೀರಿದ ಸೇತುವೆಯ ಮೇಲೆ ದಾಟುತ್ತದೆ. ವಾಕಡದ ಸೇತುವೆಯ ಬಳಿ ಹೆದ್ದಾರಿಯ ಅಂಚಿನಲ್ಲಿ ಸಂಜೆ ಬಸ್ಸು ಹಿಡಿದವನು ಬೆಳಗಾಗುವಾಗ ಘಟ್ಟ ಇಳಿಯುತ್ತಿರುತ್ತಾನೆ. ಹಾಗಾದರೆ ಕಡವಿನ ಸಾಹಿತ್ಯವು ಇತಿಹಾಸದ ಸಾಮಗ್ರಿಯಾಗಿ ಮಾತ್ರ ಉಳಿಯಿತೇ?

ಉತ್ತರವನ್ನು ನೆಲವೇ ಕೊಟ್ಟಿದೆ. ೨೦೦೩ರ ಜೂನ್ ೨೨ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿಯ ಬಳಿ, ಮಳೆಗೆ ಕುಸಿದ ಕಲ್ಲುಮಣ್ಣಿಗೆ ಸಿಕ್ಕಿ ಹಳಿ ತಪ್ಪಿತು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಜೂನ್ ೧೬ರಂದು ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕರಂಜಾಡಿಯ ಬಳಿ ಅದೇ ಗತಿಗೆ ಈಡಾಯಿತು. ೨೦೧೬ರ ಆಗಸ್ಟ್ ೨ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಹಳೆಯ ಕಲ್ಲಿನ ಸೇತುವೆ ನೆರೆಯಲ್ಲಿ ಕೊಚ್ಚಿಹೋಗಿ, ಅದರ ಮೇಲಿದ್ದ ಎರಡು ಬಸ್ಸುಗಳು ನದಿಯ ಪಾಲಾದವು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜಾರಿ ಗಂಗಾವಳಿಗೆ ಬಿದ್ದಿತು. ರಸ್ತೆಯ ಬದಿಯ ಚಹದಂಗಡಿಯೂ, ಅಲ್ಲಿ ತಂಗಿದ್ದವರೂ, ವಾಹನಗಳೂ ಮಣ್ಣಿನೊಡನೆ ಹೋದರು. ಮಣ್ಣು ನುಗ್ಗಿದ ರಭಸಕ್ಕೆ ಹೊಳೆ ಉಕ್ಕಿ ಆಚೆ ದಡದ ಉಳುವರೆ ಗ್ರಾಮದ ಮನೆಗಳನ್ನೂ ಬಡಿಯಿತು. ನದಿಯಲ್ಲಿ ಮುಳುಗಿದ ಲಾರಿಯೊಂದು ಅದರ ಚಾಲಕನ ಶವದೊಡನೆ ಮೇಲೆ ಬಂದುದು ಸಪ್ಟೆಂಬರ್ ೨೫ರಂದು, ಎಪ್ಪತ್ತೊಂದು ದಿನಗಳ ಮೇಲೆ. ಅದೇ ವರ್ಷ ಆಗಸ್ಟ್ ೭ರ ನಡುರಾತ್ರಿ ಕಾರವಾರದ ಬಳಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಒಂದೇ ಮಳೆಗಾಲದಲ್ಲಿ, ಮೂರು ವಾರಗಳ ಅಂತರದಲ್ಲಿ, ಗಂಗಾವಳಿಯ ದಡವೂ ಕಾಳಿಯ ಸೇತುವೆಯೂ ಮತ್ತೆ ಕಡವುಗಳಾದವು.

ಆ ಜುಲೈಯಲ್ಲಿ ನಾನೂ ದಾರಿಯಲ್ಲಿದ್ದೆ. ಕುಮಟೆಯ ಕಡೆಯಲ್ಲಿದ್ದ ನನ್ನ ಸೋದರತ್ತೆಯವರು ಹಾಸಿಗೆ ಹಿಡಿದ ಸುದ್ದಿ ಬಂದು ವಾಕಡದಿಂದ ಹೊರಟೆ. ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಅಂಕೋಲೆಗಿಳಿಯುವುದು ನನಗೆ ಪರಿಚಿತ ದಾರಿ; ಅಂಕೋಲೆಯಿಂದ ತೆಂಕಲಿಗೆ ಹೆದ್ದಾರಿ ಮುಚ್ಚಿತ್ತು. ನನ್ನ ಕೈಯೊಳಗಿನ ದೂರವಾಣಿಯ ನಕ್ಷೆಯು ಮಾತ್ರ ಇನ್ನೂ ಆ ಹೆದ್ದಾರಿಯ ಮೇಲೆಯೇ ನೀಲಿ ಗೆರೆಯನ್ನೆಳೆದು, ಇಷ್ಟು ಗಂಟೆಗೆ ತಲುಪುವಿರಿ ಎಂದು ಹೇಳುತ್ತಿತ್ತು. ಹಿಂದಿರುಗಿ ಘಟ್ಟ ಹತ್ತಿ, ಶಿರಸಿ, ಸಿದ್ದಾಪುರಗಳನ್ನು ಸುತ್ತಿ, ಹೊನ್ನಾವರಕ್ಕಿಳಿದು, ಅಲ್ಲಿಂದ ಮತ್ತೆ ಬಡಗಲಿಗೆ ಬಂದು ಮನೆ ಮುಟ್ಟುವ ಹೊತ್ತಿಗೆ ಒಂದು ಹಗಲು ಒಂದು ರಾತ್ರಿ ಕಳೆದಿತ್ತು. ಸೋದರತ್ತೆಯವರು ಹಿಂದಿನ ಸಂಜೆಯೇ ತೀರಿಕೊಂಡಿದ್ದರು. ಮಳೆಯ ನಡುವೆ ಹೊಳವು ಸಿಕ್ಕಿದ ಹೊತ್ತಿನಲ್ಲಿ ಸಂಸ್ಕಾರವನ್ನೂ ಮುಗಿಸಿದ್ದರು. ಯಾರನ್ನೂ ದೂರುವಂತಿರಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, “ಹಿಂದೆಯೂ ಹೀಗೇ ಇತ್ತು, ತಮ್ಮಾ. ಆಗ ಬರಲಾರೆ ಅಂತ ಗೊತ್ತಿರ್ತಿತ್ತು, ಅಷ್ಟೇ” ಎಂದರು.

ಆ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ಸೇತುವೆಗಳು ನಮ್ಮಿಂದ ಹೊಳೆಯನ್ನು ದೂರಮಾಡಲಿಲ್ಲ. ಹೊಳೆಯಿದೆ ಎಂಬ ಅರಿವನ್ನು ದೂರಮಾಡಿದವು. ಇವತ್ತು ಹೋಗಬಹುದೇ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ತಪ್ಪಿಹೋಯಿತು. ಕೊಂಕಣ ರೈಲ್ವೆಯವರು ಇಂದಿಗೂ ಮಳೆಗಾಲಕ್ಕೆಂದು ಬೇರೆಯೇ ವೇಳಾಪಟ್ಟಿಯನ್ನು ಹೊರಡಿಸಿ ಗಾಡಿಗಳ ವೇಗವನ್ನು ತಗ್ಗಿಸುತ್ತಾರೆ. ಗಾಡಿ ತಡವಾಯಿತೆಂದು ನಾವು ಗೊಣಗುತ್ತೇವೆ. ಆದರೆ ಕಾರಂತರನ್ನು ಸರಿಯಾಗಿ ಓದಿದವನು ಆ ವೇಳಾಪಟ್ಟಿಯಲ್ಲಿ ಹಳೆಯ ಅಂಬಿಗನ ದನಿಯನ್ನು ಗುರುತಿಸಬೇಕು: ನೀರು ಇಳಿಯಲಿ, ಆಮೇಲೆ ಹೋಗೋಣ.

ಇದರಿಂದ ಹಳೆಯ ಕಾಲವೇ ಒಳ್ಳೆಯದಾಗಿತ್ತೆಂದು ಯಾರೂ ತಿಳಿಯಬಾರದು. ಕಡವಿನಲ್ಲಿ ಕಾದು ಕಾದು, ದೋಣಿ ಹೊರಡದೆ, ಹೆರಿಗೆಯ ನೋವಿನಲ್ಲಿ ಜೀವ ಬಿಟ್ಟ ಹೆಂಗಸರನ್ನು ಆ ನಾಡಿನ ಪ್ರತಿಯೊಂದು ಮನೆತನವೂ ನೆನೆಯಬಲ್ಲದು. ಸೇತುವೆಗಳು ಬೇಕು, ಇನ್ನೂ ಗಟ್ಟಿಯಾದವು ಬೇಕು. ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಮಾಡುವಾಗ ಮಣ್ಣಿನ ಗುಣವನ್ನು ವಿಚಾರಿಸುವ ತಾಳ್ಮೆಯೂ ಬೇಕು. ಸಾಹಿತ್ಯವು ಇಂಜಿನಿಯರಿನ ಕೆಲಸವನ್ನು ಮಾಡಲಾರದು. ಆದರೆ ಆ ತಾಳ್ಮೆಯು ಎಲ್ಲಿ ಹುಟ್ಟುತ್ತದೆಂಬುದನ್ನು ಅದು ತೋರಿಸಬಲ್ಲದು.

೭

ಮೇಲಿನ ವಿವೇಚನೆಯಿಂದ ಎರಡು ಮಾತುಗಳು ನಿಷ್ಪನ್ನವಾಗುತ್ತವೆ. ಮೊದಲನೆಯದು ವಿಮರ್ಶೆಗೆ ಸಂಬಂಧಿಸಿದ್ದು. ಕರಾವಳಿಯ ಕೃತಿಗಳಲ್ಲಿ ಮಳೆ ಬಂದಾಗ ಅದು ಹೇಗೆ ಕಾಣುತ್ತದೆಂದು ಕೇಳುವುದಕ್ಕೆ ಮೊದಲು, ಅದರಿಂದ ಯಾರು ಯಾರನ್ನು ತಲುಪಲಾರದೆ ಹೋದರು ಎಂದು ಕೇಳಬೇಕು. ಹೀಗೆ ಕೇಳಿದರೆ ಪಂಜೆಯವರ ಮಕ್ಕಳ ಕವಿತೆ ಮಕ್ಕಳಿಗಷ್ಟೇ ಸೇರಿದ್ದಾಗಿ ಉಳಿಯುವುದಿಲ್ಲ; ಕಾರಂತರ ವಿವರಗಳು ಪ್ರಾದೇಶಿಕ ಬಣ್ಣವಾಗಿ ಉಳಿಯುವುದಿಲ್ಲ; ಚಿತ್ತಾಲರ ಹನೇಹಳ್ಳಿಯೂ ಬರಿಯ ಹಂಬಲವಾಗಿ ಉಳಿಯುವುದಿಲ್ಲ. ಬಯಲುಸೀಮೆಯ ಓದುಗರು ತಮ್ಮ ಮಳೆಯ ಪ್ರೀತಿಯನ್ನು ಬಿಡಬೇಕಾಗಿಲ್ಲ. ಒಂದೇ ಭಾಷೆಯೊಳಗೆ ಮಳೆಗೆ ಎರಡು ಅರ್ಥಗಳಿವೆಯೆಂಬುದನ್ನು ತಿಳಿದರೆ ಸಾಕು.

ಎರಡನೆಯದು ನಮಗೇ ಸೇರಿದ್ದು. ಪುಣೆ, ಮುಂಬಯಿಗಳ ಕನ್ನಡ ಮನೆಗಳಲ್ಲಿ ಈಗ ಎಂಬತ್ತು ದಾಟಿದ ಹಿರಿಯರಿದ್ದಾರೆ. ಮಗನ ಅಥವಾ ಮಗಳ ಮನೆಯ ಬಹುಮಹಡಿಯ ಕಟ್ಟಡದ ಕಿಟಕಿಯ ಬಳಿ ಕುಳಿತು ಮುಳಾ ನದಿಯ ಮೇಲಿನ ಮಳೆಯನ್ನು ನೋಡುವ ಇವರು, ಸೇತುವೆಗಳಿಲ್ಲದ ಕರಾವಳಿಯನ್ನು ತಾವೇ ದಾಟಿದ ಕೊನೆಯ ತಲೆಮಾರು. ಯಾವ ಹೊಳೆಯ ಕಡವು ಯಾವ ನಕ್ಷತ್ರದ ಮಳೆಗೆ ನಿಲ್ಲುತ್ತಿತ್ತು, ಪಾತಿದೋಣಿಗೂ ಜೋಡುದೋಣಿಗೂ ಏನು ಭೇದ, ಅಂಬಿಗನಿಗೆ ದುಡ್ಡು ಕೊಡುತ್ತಿದ್ದರೋ ಭತ್ತ ಅಳೆಯುತ್ತಿದ್ದರೋ, ಆಚೆ ದಡಕ್ಕೆ ಸುದ್ದಿ ಮುಟ್ಟಿಸಲು ಯಾವ ಕೂಗು ಹಾಕುತ್ತಿದ್ದರು, ಇವೆಲ್ಲ ಅವರೊಡನೆ ಅಳಿದುಹೋಗುವ ಸಂಗತಿಗಳು. ಊರಿನಲ್ಲಿದ್ದು ಕ್ಷೇತ್ರಕಾರ್ಯ ಮಾಡುವ ವಿದ್ವಾಂಸರಿಗೆ ಈ ವಲಸೆಗಾರರು ಕಾಣಸಿಗುವುದಿಲ್ಲ. ಇವರನ್ನು ಕೇಳಬೇಕಾದವರು ನಾವೇ. ಕನ್ನಡ ಸಂಘಗಳು ರಾಜ್ಯೋತ್ಸವದ ಸಮಾರಂಭಕ್ಕೆ ವಿನಿಯೋಗಿಸುವ ಶ್ರಮದಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟರೂ ಒಂದು ಒಳ್ಳೆಯ ಶಬ್ದಸಂಗ್ರಹವೂ, ಮಳೆಗಾಲದ ದಾರಿಗಳ ಒಂದು ನಕ್ಷೆಯೂ ಸಿದ್ಧವಾಗಬಲ್ಲವು.

ನಮ್ಮ ಓದುಕೂಟದ ಆ ಕುಂದಾಪುರದ ಅಮ್ಮನವರು ತಮಗೆ ನೆನಪಿದ್ದ ಕಡವುಗಳ ಹೆಸರುಗಳನ್ನು ಬಡಗಿನಿಂದ ತೆಂಕಿಗೆ ಒಂದೊಂದಾಗಿ ಹೇಳಿ ನನ್ನಿಂದ ಬರೆಯಿಸಿದರು. ಹನ್ನೊಂದು ಹೆಸರುಗಳಾದವು. ಹನ್ನೆರಡನೆಯದು ನಾಲಿಗೆಯ ತುದಿಯಲ್ಲಿದ್ದೂ ಬಾರದೆ, ಮುಂದಿನ ತಿಂಗಳು ಹೇಳುವೆನೆಂದರು. ಅದು ಇನ್ನೂ ಬಂದಿಲ್ಲ. ಆ ಸೀಮೆಯನ್ನು ಬಲ್ಲ ವಾಚಕರು ಯಾರಾದರೂ ಈ ಕಾರ್ಯಕ್ಕೆ ಕೈಗೂಡಿಸಿದರೆ ಉಪಕೃತನಾಗುವೆನು.